ಸಿಂಗಳೀಕಕ್ಕೆ ಅಭಯಾರಣ್ಯ ಇದೆ, ಹೆಜ್ಜೇನಿಗೆ ನಮ್ಮ ಬದು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲ್ಲೂಕು ತಿರುಗಿದರೂ ಒಂದೇ ಒಂದು ಸಿಂಗಳೀಕ ಕಣ್ಣಿಗೆ ಬೀಳೋದಿಲ್ಲ. ಅದು ಘಟ್ಟದ ಪ್ರಾಣಿ. ಆದರೂ ನಮ್ಮ ಹುಡುಗರ ಫೋನಿನಲ್ಲಿ ಅದರ ಫೋಟೊ ಇದೆ. ಕರೀ ಮೈ, ಮುಖದ ಸುತ್ತ ಬೂದು ಬಣ್ಣದ ಕೇಸರ, ತುದಿಯಲ್ಲಿ ಗೊಂಡೆ ಇರುವ ಸಿಂಹದಂಥ ಬಾಲ. ಶರಾವತಿ ಕಣಿವೆಯ ಯೋಜನೆ ಸುದ್ದಿಯಾದ ಮೇಲೆ ‘ಸಿಂಗಳೀಕ ಉಳಿಸಿ’ ಅಂತ ಸ್ಟೇಟಸ್ ಹಾಕಿದವರು ನಮ್ಮ ಕಡೆಯೂ ಇದ್ದಾರೆ. ಒಳ್ಳೇದೇ ಆಯ್ತು. ಆದರೆ ಅದೇ ಹುಡುಗರಲ್ಲಿ ಎಷ್ಟೋ ಮಂದಿ ಲಿಂಬೆ ಹೂವಾಡಿದ ಹೊತ್ತಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಬ್ಯಾಟರಿ ಪಂಪ್ ಹೆಗಲಿಗೆ ಏರಿಸಿ ಎಣ್ಣೆ ಹೊಡೆಯೋಕೆ ಹೊರಡುತ್ತಾರೆ. ನಾನು ಮಾತಾಡಬೇಕು ಅಂದುಕೊಂಡಿರೋದು ಇದರ ಬಗ್ಗೆ.

ಮೊದಲು ಸಿಂಗಳೀಕದ ವಿಷಯ ಸರಿಯಾಗಿ ತಿಳಿದುಕೊಳ್ಳೋಣ, ಯಾಕೆಂದರೆ ಅದನ್ನ ಕೀಳು ಮಾಡಿ ಜೇನನ್ನ ಮೇಲು ಮಾಡೋದು ನನ್ನ ಉದ್ದೇಶ ಅಲ್ಲ. ಪ್ರಪಂಚದಲ್ಲಿ ಸಿಂಗಳೀಕ ಇರೋದು ಕರ್ನಾಟಕ, ಕೇರಳ, ತಮಿಳುನಾಡಿನ ಪಶ್ಚಿಮ ಘಟ್ಟದಲ್ಲಿ ಮಾತ್ರ. ಐಯುಸಿಎನ್ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಅದು ಅಳಿವಿನಂಚಿನ ಪ್ರಾಣಿ. ಮರಿ ಹಾಕುವ ವಯಸ್ಸಿಗೆ ಬಂದ ಪ್ರಾಣಿಗಳ ಲೆಕ್ಕ ಹಿಡಿದರೆ 2,500ಕ್ಕಿಂತ ಕಡಿಮೆ. ನಮ್ಮಲ್ಲಿ ಒಂದು ಜಾತ್ರೆಯ ಮೊದಲನೇ ದಿನ ಇದಕ್ಕಿಂತ ಹೆಚ್ಚು ಜನ ಸೇರುತ್ತಾರೆ. ಹೆಣ್ಣು ಸಿಂಗಳೀಕ ಎರಡು ಮೂರು ವರ್ಷಕ್ಕೊಮ್ಮೆ ಒಂದೇ ಮರಿ ಹಾಕುತ್ತದೆ. ಮರದಿಂದ ಮರಕ್ಕೆ ಓಡಾಡುವ ಪ್ರಾಣಿ, ದಟ್ಟ ಕಾಡಿದ್ದರೆ ನೆಲಕ್ಕೆ ಇಳಿಯೋದೇ ಅಪರೂಪ. ಹಾಗಾಗಿ ನಡುವೆ ಒಂದು ರಸ್ತೆಯೋ ವಿದ್ಯುತ್ ಲೈನೋ ಬಂದರೆ ಒಂದು ಗುಂಪು ಎರಡಾಗಿ ಒಡೆದ ಹಾಗೇ. ತಮಿಳುನಾಡಿನ ವಾಲ್ಪಾರೈಯಲ್ಲಿ ಅವು ರಸ್ತೆ ದಾಟೋಕೆ ಅಂತ ಮರದಿಂದ ಮರಕ್ಕೆ ಸೇತುವೆ ಕಟ್ಟಿಕೊಟ್ಟಿದ್ದಾರೆ.

ಅದಕ್ಕಾಗಿ ಜನ ಹೋರಾಡಿದ್ದಾರೆ ಕೂಡ. ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಅಣೆಕಟ್ಟು ಬೇಡ ಅಂತ ಚಳವಳಿ ನಡೆದಾಗ ಸಿಂಗಳೀಕವೇ ಅದರ ಮುಖ. ಅಣೆಕಟ್ಟು ನಿಂತಿತು, 1984ರಲ್ಲಿ ಅದು ರಾಷ್ಟ್ರೀಯ ಉದ್ಯಾನ ಆಯಿತು. ನಮ್ಮ ರಾಜ್ಯದಲ್ಲಿ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆ ಆಯಿತು. 2019ರಲ್ಲಿ ಅದನ್ನ ಶರಾವತಿ ಅಭಯಾರಣ್ಯದ ಜೊತೆ ಸೇರಿಸಿದರು. ಈಗ ಅದೇ ಕಣಿವೆಯಲ್ಲಿ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಅಂತಿದ್ದಾರೆ. ಕರೆಂಟ್ ಹೆಚ್ಚಿಗೆ ಇದ್ದಾಗ ಗೇರುಸೊಪ್ಪೆಯ ನೀರನ್ನ ತಲಕಳಲೆಗೆ ಎತ್ತೋದು, ಬೇಕಾದಾಗ ಕೆಳಗೆ ಬಿಟ್ಟು ಕರೆಂಟ್ ತೆಗೆಯೋದು. ಆ ವಿರೋಧ ನ್ಯಾಯವಾದದ್ದು ಅಂತಲೇ ನನ್ನ ಅಭಿಪ್ರಾಯ. ಬೋರ್‌ವೆಲ್ ಮೋಟಾರ್‌ಗೆ ಹಗಲು ಕರೆಂಟ್ ಕೊಡಿ ಅಂತ ಕೇಳುವ ನಾವು ಆ ಚರ್ಚೆಯ ಹೊರಗಿನವರೇನೂ ಅಲ್ಲ, ಅದೂ ನೆನಪಿರಲಿ.

ಆದರೆ ಒಂದು ಮಾತು ಗಮನಿಸಿ. ಸಿಂಗಳೀಕದ ಹಣೆಬರಹ ನಿರ್ಧಾರ ಆಗೋದು ಬೆಂಗಳೂರು, ದಿಲ್ಲಿಯ ಕಚೇರಿಗಳಲ್ಲಿ, ಕೋರ್ಟಿನಲ್ಲಿ. ಇಂಡಿಯ ಒಬ್ಬ ರೈತ ನಾಳೆಯಿಂದ ತನ್ನ ಹೊಲದಲ್ಲಿ ಏನು ಬದಲಾಯಿಸಿದರೂ ಒಂದು ಸಿಂಗಳೀಕ ಹೆಚ್ಚಾಗಲ್ಲ, ಕಡಿಮೆನೂ ಆಗಲ್ಲ. ಜೇನಿನ ಕಥೆ ಇದಕ್ಕೆ ಪೂರಾ ತಿರುಗುಮುರುಗು.

ನಮ್ಮ ಬಯಲು ಸೀಮೆಯಲ್ಲಿ ಮುಖ್ಯವಾಗಿ ಎರಡು ಜೇನು. ಒಂದು ಹೆಜ್ಜೇನು. ನೀರಿನ ಟ್ಯಾಂಕಿನ ಕೆಳಗೆ, ಹಳೇ ಆಲದ ಮರದಲ್ಲಿ, ಸೇತುವೆ ಅಡಿಯಲ್ಲಿ ಮೊರದಷ್ಟು ಅಗಲದ ಹುಟ್ಟು ಕಟ್ಟುತ್ತಲ್ಲ, ಅದು. ಇನ್ನೊಂದು ಕೋಲುಜೇನು, ಬೇಲಿಯ ಕಡ್ಡಿಗೆ ಅಂಗೈ ಅಗಲದ ಹುಟ್ಟು ಕಟ್ಟುವ ಪುಟ್ಟ ಜೇನು. ಎರಡನ್ನೂ ಪೆಟ್ಟಿಗೆಯಲ್ಲಿ ಸಾಕೋಕೆ ಆಗಲ್ಲ. ಇವಲ್ಲದೆ ಒಂಟಿ ಜೇನುಗಳು ಬೇರೆ. ಒಣಗಿದ ಕಟ್ಟಿಗೆ ಕೊರೆದು ಮನೆ ಮಾಡುವ ದೊಡ್ಡ ಕರೀ ದುಂಬಿ, ನೆಲದಲ್ಲಿ ತೂತು ತೋಡುವ ನೀಲಿ ಪಟ್ಟಿಯ ಜೇನು, ಎಲೆಯನ್ನ ಕತ್ತರಿಯಿಂದ ಕತ್ತರಿಸಿದ ಹಾಗೆ ಗುಂಡಗೆ ಕತ್ತರಿಸಿ ಒಯ್ಯುವ ಜೇನು. ಇವುಗಳಿಗೆಲ್ಲ ನಮ್ಮ ಕಡೆ ಹೆಸರೂ ಸರಿಯಾಗಿಲ್ಲ. ‘ಹುಳ’ ಅಂದುಬಿಡುತ್ತೇವೆ, ಮುಗೀತು.

ಇವು ಎಷ್ಟು ಕಡಿಮೆಯಾಗಿವೆ? ನಮ್ಮ ಜಿಲ್ಲೆಯಲ್ಲಿ ಅಂಕಿ ಇಟ್ಟು ಹೇಳೋಕೆ ಯಾರೂ ಸಾಲು ಹಿಡಿದು ಎಣಿಸಿದ್ದನ್ನ ನಾನು ಕಂಡಿಲ್ಲ. ವಾನರ ಮತ್ತು ಕೀಟದ ನಡುವೆ ಮೊದಲನೇ ವ್ಯತ್ಯಾಸ ಇಲ್ಲೇ ಶುರುವಾಗೋದು. ಮಂಗ, ಗೊರಿಲ್ಲಾ, ಕಾಡುಪಾಪ ಎಲ್ಲ ಸೇರಿ ಪ್ರಪಂಚದಲ್ಲಿ ಸುಮಾರು 500 ವಾನರ ಜಾತಿಗಳು. ಅವುಗಳಲ್ಲಿ ಹೆಚ್ಚುಕಡಿಮೆ 60 ಪ್ರತಿಶತ ಅಪಾಯದಲ್ಲಿವೆ ಅಂತ 2017ರಲ್ಲೇ ವಿಜ್ಞಾನಿಗಳು ಲೆಕ್ಕ ಕೊಟ್ಟರು. ಕೀಟಗಳಲ್ಲಿ ಹೆಸರಿಟ್ಟ ಜಾತಿಗಳೇ ಹತ್ತು ಲಕ್ಷ. ಐಯುಸಿಎನ್ ಪರಿಶೀಲಿಸಿದ್ದು ಅದರಲ್ಲಿ ನೂರಕ್ಕೆ ಒಂದರಷ್ಟು. ಯುರೋಪಿನಂಥ ದುಡ್ಡಿದ್ದ ಕಡೆ 2014ರಲ್ಲಿ 1,965 ಜಾತಿಯ ಜೇನುಗಳನ್ನ ಪರಿಶೀಲನೆಗೆ ತಗೊಂಡರು. ಅರ್ಧಕ್ಕಿಂತ ಹೆಚ್ಚಿನವಕ್ಕೆ ‘ಮಾಹಿತಿ ಸಾಲದು’ ಅಂತ ಬರೆದು ಬಿಡಬೇಕಾಯ್ತು. ಪಟ್ಟಿಯಲ್ಲಿ ಹೆಸರಿಲ್ಲ ಅಂದರೆ ಅಪಾಯ ಇಲ್ಲ ಅಂತ ಅರ್ಥ ಅಲ್ಲ. ಪಡಿತರ ಚೀಟಿ ಇಲ್ಲದವನು ಬಡವ ಅಲ್ಲ ಅಂದ ಹಾಗಾಗುತ್ತೆ.

ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದು. ಸಿಂಗಳೀಕ ಅದರ ಮೊದಲನೇ ಅನುಸೂಚಿಯಲ್ಲಿದೆ, ಕೊಂದರೆ ಜೈಲು. ಕೀಟಗಳಲ್ಲಿ ಚಿಟ್ಟೆಗಳಿಗೆ ಆ ಕಾಯ್ದೆಯಲ್ಲಿ ಜಾಗ ಸಿಕ್ಕಿದೆ, ನೋಡೋಕೆ ಚೆಂದ ಇವೆಯಲ್ಲ. ಹೆಜ್ಜೇನಿಗೆ ಇಲ್ಲ. ಗೋಧೂಳಿ ಹೊತ್ತಿನಲ್ಲಿ ಟೈರಿಗೆ ಬೆಂಕಿ ಹಚ್ಚಿ ಐವತ್ತು ಸಾವಿರ ಹುಳದ ಹುಟ್ಟನ್ನ ಸುಟ್ಟರೂ ಕೇಳೋರಿಲ್ಲ.

ಹಾಗಂತ ಜೇನಿಗೂ ಒಂದು ಅಭಯಾರಣ್ಯ ಘೋಷಿಸಿ ಅಂತ ನಾನು ಅರ್ಜಿ ಬರೆಯಲ್ಲ. ಅದು ಸಾಲೋದಿಲ್ಲ. ಜರ್ಮನಿಯಲ್ಲಿ 63 ಸಂರಕ್ಷಿತ ಪ್ರದೇಶಗಳಲ್ಲಿ 27 ವರ್ಷ ಬಲೆ ಕಟ್ಟಿ ಹಾರುವ ಕೀಟಗಳನ್ನ ಹಿಡಿದು ತೂಗಿದರು. 2017ರಲ್ಲಿ ಫಲಿತಾಂಶ ಬಂತು, ತೂಕ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಇಳಿದುಹೋಗಿತ್ತು. ಬೇಲಿ ಒಳಗಿನ ಸಂರಕ್ಷಿತ ಜಾಗದಲ್ಲೇ ಹೀಗಾದರೆ ಹೊರಗಿನದು ಹೇಳೋದೇ ಬೇಡ. ಸುತ್ತ ಇರುವ ಹೊಲಗಳು ಹೆಂಗಿವೆಯೋ ಕೀಟಗಳೂ ಹಂಗೆ. ಸಿಂಗಳೀಕಕ್ಕೆ ಕಾಡಿನ ಗಡಿ ಗಟ್ಟಿ ಮಾಡಿದರೆ ಬಹಳಷ್ಟು ಕೆಲಸ ಆಗುತ್ತೆ. ಜೇನು ಎರಡು ಮೂರು ಕಿಲೋಮೀಟರ್ ಹಾರಿ ನಿಮ್ಮ ತೋಟ, ನನ್ನ ತೋಟ, ಪಕ್ಕದ ಊರಿನ ತೋಟ ಎಲ್ಲಾ ಮುಟ್ಟಿ ಬರುತ್ತೆ.

ಸಾವು ಎಷ್ಟು ಬೇಗ ಬರುತ್ತೆ ಅನ್ನೋದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಮಲೆನಾಡು, ಕೊಡಗಿನಲ್ಲಿ ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಬಂತು. ಮರಿಹುಳುಗಳು ಚೀಲದೊಳಗೆ ನೀರು ತುಂಬಿದಂತಾಗಿ ಸತ್ತವು. ಒಂದೆರಡು ವರ್ಷದೊಳಗೆ ದಕ್ಷಿಣದ ರಾಜ್ಯಗಳಲ್ಲಿ ಬಹುಪಾಲು ಪೆಟ್ಟಿಗೆ ಖಾಲಿ. ಕೊಡಗಿನ ಜೇನು ಅಂತ ಹೆಸರು ಮಾಡಿದ್ದ ಕಸುಬೇ ಕುಸಿದುಬಿತ್ತು. ಆ ವೇಗದಲ್ಲಿ ಒಂದು ವಾನರ ಸತ್ತಿದ್ದರೆ ದೇಶವೇ ಎದ್ದು ಕೂರುತ್ತಿತ್ತು. ಜೇನು ಸತ್ತದ್ದು ಸಾಕಿದವರ ಮನೆಯ ದುಃಖವಾಗಿ ಉಳಿಯಿತು.

ಈಗ ನಮ್ಮ ಲಾಭದ ಲೆಕ್ಕಕ್ಕೆ ಬರೋಣ. ‘ಜೇನು ಇಲ್ಲದಿದ್ದರೆ ನಾಲ್ಕು ವರ್ಷದಲ್ಲಿ ಮನುಷ್ಯ ಇಲ್ಲ’ ಅಂತ ಐನ್‌ಸ್ಟೀನ್ ಹೆಸರಿನಲ್ಲಿ ಒಂದು ಮಾತು ಓಡಾಡುತ್ತೆ, ನಂಬಬೇಡಿ. ನಮ್ಮ ಬಿಳಿಜೋಳಕ್ಕೆ, ಗೋಧಿಗೆ ಜೇನು ಬೇಡ. ದ್ರಾಕ್ಷಿಗೂ ಬೇಕಿಲ್ಲ. ಲಿಂಬೆ ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು, ಜೇನು ಬಂದರೆ ಇನ್ನೂ ಒಳ್ಳೇದು. ತೊಗರಿಯೂ ಹಾಗೇ, ಅರ್ಧ ಸ್ವಂತ, ಅರ್ಧ ಹುಳದ ಕೆಲಸ. (ಸ್ವಂತ ಬೀಜ ಇಡುವವರಿಗೆ ಇದು ತಲೆನೋವೂ ಹೌದು, ಪಕ್ಕದ ಹೊಲದ ತಳಿ ನಿಮ್ಮ ಬೀಜಕ್ಕೆ ಬೆರೆತುಬಿಡುತ್ತೆ.) ಸೂರ್ಯಕಾಂತಿಗೆ ಬಂದರೆ ಲೆಕ್ಕ ಬಿಗಿಯಾಗುತ್ತೆ, ಹುಳ ಕಡಿಮೆಯಾದಷ್ಟೂ ಜೊಳ್ಳು ಹೆಚ್ಚು. ಸೌತೆ, ಹೀರೆ, ಕಲ್ಲಂಗಡಿ, ಕರಬೂಜಕ್ಕೆ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಅಲ್ಲಿ ಜೇನು ಬಂದಿಲ್ಲ ಅಂದರೆ ಕಾಯಿಯೇ ಇಲ್ಲ, ಅರೆಬರೆ ಬಂದರೆ ಸೊಟ್ಟ ಕಾಯಿ. ಉಳ್ಳಾಗಡ್ಡಿ ಬೀಜ ಮಾಡುವವರಿಗಂತೂ ಜೇನೇ ಆಳು. ಬದನೆ, ಟೊಮೇಟೊ ಹೂವನ್ನ ಗುಂಯ್ ಅಂತ ನಡುಗಿಸಿ ಪರಾಗ ಉದುರಿಸಬೇಕು. ಆ ವಿದ್ಯೆ ಪೆಟ್ಟಿಗೆ ಜೇನಿಗೆ ಗೊತ್ತಿಲ್ಲ, ದುಂಬಿಗೆ, ನೀಲಿ ಪಟ್ಟಿಯ ಜೇನಿಗೆ ಗೊತ್ತು.

ಈಗ ನನಗೆ ಬಹಳ ದಿನದಿಂದ ಕೊರೀತಿರುವ ವಿಷಯ. ಎಣ್ಣೆ ಡಬ್ಬಿಯ ಮೇಲಿನ ತ್ರಿಕೋನ.

ಕೆಂಪು, ಹಳದಿ, ನೀಲಿ, ಹಸಿರು. ಕೆಂಪು ಅಂದರೆ ಭಾರಿ ವಿಷ, ಹಸಿರು ಅಂದರೆ ಹಗುರ ಅಂತ ನಮಗೆಲ್ಲ ಗೊತ್ತು. ಅಂಗಡಿಯಲ್ಲಿ ‘ಅಣ್ಣಾ, ನೀಲಿದು ಕೊಡು, ಬಾಳ ವಿಷದ್ದು ಬ್ಯಾಡ’ ಅಂತ ಕೇಳುವ ಜಾಣ ಹುಡುಗರೂ ಇದ್ದಾರೆ. ಆದರೆ ಈ ಬಣ್ಣ ಯಾವ ಲೆಕ್ಕದಿಂದ ಬಂತು? 1971ರ ಕೀಟನಾಶಕ ನಿಯಮಗಳ ಪ್ರಕಾರ ಇಲಿಯಂಥ ಸಸ್ತನಿಗೆ ತಿನ್ನಿಸಿ, ಅರ್ಧದಷ್ಟು ಪ್ರಾಣಿ ಸಾಯೋಕೆ ದೇಹದ ಕಿಲೋ ತೂಕಕ್ಕೆ ಎಷ್ಟು ಮಿಲಿಗ್ರಾಂ ಬೇಕು ಅನ್ನುವ ಲೆಕ್ಕ. 50 ಮಿಲಿಗ್ರಾಂ ಒಳಗೆ ಸತ್ತರೆ ಕೆಂಪು, 500ರ ಒಳಗೆ ಹಳದಿ, 5,000ದ ಒಳಗೆ ನೀಲಿ, ಅದರಾಚೆ ಹಸಿರು. ಅಂದರೆ ತ್ರಿಕೋನ ಮಾಡಿರೋದು ಪಂಪ್ ಹಿಡಿದವನ ಜೀವಕ್ಕೆ. ಅವನೂ ಒಂದು ವಾನರವೇ ತಾನೆ. ಅದು ಇರಲೇಬೇಕು, ಬೇಡ ಅನ್ನೋಕೆ ಆಗಲ್ಲ. ಆದರೆ ಜೇನಿಗೆ ಆ ಬಣ್ಣದಲ್ಲಿ ಒಂದಕ್ಷರದ ಮಾಹಿತಿಯೂ ಇಲ್ಲ.

ಥಯಾಮೆಥೊಕ್ಸಾಮ್ ತಗೊಳ್ಳಿ. ರಸ ಹೀರುವ ಹುಳಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಹೊಡೆಯುವ ಪುಡಿ. ಇಲಿಗೆ ಕಿಲೋ ತೂಕಕ್ಕೆ ಒಂದೂವರೆ ಗ್ರಾಂನಷ್ಟು ಬೇಕು, ಹಾಗಾಗಿ ನೀಲಿ ತ್ರಿಕೋನ. ಜೇನುಹುಳಕ್ಕೆ ಬಾಯಿಂದ ಹೋದರೆ ಸುಮಾರು 5 ನ್ಯಾನೊಗ್ರಾಂ ಸಾಕು, ಒಂದು ಗ್ರಾಂನ ಇಪ್ಪತ್ತು ಕೋಟಿಯ ಒಂದು ಭಾಗ. ಲೆಕ್ಕ ನೀವೇ ಫೋನಿನಲ್ಲಿ ಹಾಕಿ ನೋಡಿ. 25 ಡಬ್ಲ್ಯೂಜಿ ಪುಡಿಯನ್ನ 15 ಲೀಟರ್ ಪಂಪಿಗೆ ನಾಲ್ಕೈದು ಗ್ರಾಂ ಹಾಕುತ್ತೇವೆ. ಅದರಲ್ಲಿ ಅಸಲು ವಿಷ ಒಂದು ಗ್ರಾಂಗಿಂತ ಸ್ವಲ್ಪ ಹೆಚ್ಚು. ಒಂದು ಪಂಪ್ ನೀರಿನಲ್ಲಿ ಇಪ್ಪತ್ತು ಕೋಟಿ ಜೇನಿಗೆ ಹಂಚಬಹುದಾದ ವಿಷ. ಅದೆಲ್ಲ ಜೇನಿನ ಬಾಯಿಗೇ ಹೋಗಲ್ಲ, ಬಹುಪಾಲು ಎಲೆ, ಮಣ್ಣಿಗೆ ಹೋಗುತ್ತೆ, ಖರೆ. ಹೂವಿಗೆ ಬಿದ್ದ ನೂರರಲ್ಲಿ ಒಂದು ಪಾಲೇ ಎಷ್ಟಾಯ್ತು ನೋಡಿ. ಇನ್ನೊಂದು, ಈ ಗುಂಪಿನ ವಿಷಗಳು ಗಿಡದ ರಸದೊಳಗೆ ಓಡಾಡುತ್ತವೆ. ಡ್ರಿಪ್‌ನಲ್ಲಿ ಬುಡಕ್ಕೆ ಬಿಟ್ಟರೂ ಪರಾಗ, ಮಕರಂದದವರೆಗೆ ಹೋಗಬಲ್ಲವು. ಯುರೋಪಿಯನ್ ಒಕ್ಕೂಟ 2018ರಲ್ಲಿ ಇಮಿಡಾಕ್ಲೋಪ್ರಿಡ್, ಕ್ಲೋಥಿಯಾನಿಡಿನ್, ಥಯಾಮೆಥೊಕ್ಸಾಮ್ ಮೂರನ್ನೂ ಬಯಲಿನ ಬೆಳೆಗೆ ನಿಷೇಧಿಸಿದ್ದು ಜೇನಿನ ಸಲುವಾಗಿಯೇ.

ನನ್ನ ಕೇಳಿದರೆ ಡಬ್ಬಿಯ ಮೇಲೆ ತ್ರಿಕೋನದ ಪಕ್ಕ ಒಂದು ಜೇನುಹುಳದ ಚಿತ್ರ ಬರಬೇಕು, ಅದಕ್ಕೂ ಬಣ್ಣ ಇರಬೇಕು. ಜೇನಿಗೆ ಅಪಾಯ ಅನ್ನೋ ಸಾಲು ಒಳಗಿನ ಚೀಟಿಯಲ್ಲಿ ಇರುತ್ತೆ, ಆದರೆ ಭೂತಗನ್ನಡಿ ಹಿಡಿದು ಓದಬೇಕು. ಓದು ಬಾರದವರಿಗೂ ಅರ್ಥ ಆಗಲಿ ಅಂತಲೇ ತಾನೆ ತ್ರಿಕೋನ ಬಂದದ್ದು? ಹುಳಕ್ಕೂ ಅದೇ ನ್ಯಾಯ ಆಗಲಿ.

ಈ ಮಾತು ತೆಗೆದಾಗ ನಮ್ಮ ಪಕ್ಕದ ಹೊಲದ ಕಾಕಾ ಒಬ್ಬರು ನಕ್ಕರು. ‘ಏ ತಮ್ಮಾ, ಮಂಗ್ಯಾ ಬಂದ್ರ ಕಾಯಿ ಕಿತ್ತಿದ್ದು ಕಣ್ಣಿಗೆ ಕಾಣ್ತದ. ನಿನ್ನ ಜೇನಹುಳ ಬಂದ್ರೇನು, ಹ್ವಾದ್ರೇನು, ಯಾರಿಗ ಗೊತ್ತಾಗ್ತದ?’ ಅಂದರು. ಅವರ ಮಾತಿನಲ್ಲಿ ಸತ್ಯ ಇದೆ. ಮಂಗ ಬಂದರೆ ನಷ್ಟ ಕಾಣುತ್ತೆ, ಜೇನು ಹೋದರೆ ನಷ್ಟ ಕಾಣಲ್ಲ. ‘ಈ ಸಲ ಹವಾ ಸರಿ ಇರಲಿಲ್ಲ, ಕಾಯಿ ಕಟ್ಟಲಿಲ್ಲ’ ಅಂತ ಹವಾಮಾನದ ತಲೆಗೆ ಕಟ್ಟಿ ಇನ್ನೊಂದು ಟಾನಿಕ್ ತಂದು ಹೊಡೆಯುತ್ತೇವೆ.

ಮಂಗನ ಮಾತು ಬಂತು ಅಂತ ಹೇಳ್ತೀನಿ. ಗುಡಿ ಹತ್ತಿರ ಕಾಣುವ ನಮ್ಮ ಕೆಂಪು ಮೂತಿಯ ಸಾದಾ ಮಂಗ ಇದೆಯಲ್ಲ, ದಕ್ಷಿಣ ಭಾರತ ಬಿಟ್ಟರೆ ಬೇರೆಲ್ಲೂ ಇಲ್ಲದ ಪ್ರಾಣಿ, ಅದೂ ಈಗ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೆ ಈಡಾಗಬಲ್ಲ ಜಾತಿ ಅಂತ ಸೇರಿದೆ. ‘ಇಷ್ಟು ಕಾಟ ಕೊಡ್ತಾವು, ಇವು ಅಪಾಯದಾಗ ಹ್ಯಾಂಗ?’ ಅಂತ ನಗಬೇಡಿ. ಮೈಸೂರು ಸುತ್ತಲಿನ ರಸ್ತೆಗಳಲ್ಲಿ ವಿಜ್ಞಾನಿಗಳು ವರ್ಷಾನುಗಟ್ಟಲೆ ಎಣಿಸಿದಾಗ, ಸಾಲುಮರ ಕಡಿದಲ್ಲಿ ಮಂಗನ ಗುಂಪುಗಳು ಕಡಿಮೆಯಾಗುತ್ತ ಹೋದದ್ದು ಕಂಡಿತು. ಮನೆ ಕಳಕೊಂಡದ್ದು ಊರಿಗೆ, ತೋಟಕ್ಕೆ ಬರುತ್ತೆ. ಬಂದದ್ದು ನಮಗೆ ಹೆಚ್ಚಾದ ಹಾಗೆ ಕಾಣುತ್ತೆ. ರಸ್ತೆ ಬದಿಯ ಆಲ, ಹುಣಸೆ, ಬಸರಿ ಮರಗಳೇ ಹೆಜ್ಜೇನಿನ ಮನೆಯೂ ಹೌದು. ಒಂದು ಹಳೇ ಆಲ ಬಿದ್ದರೆ ವಾನರ, ಕೀಟ ಎರಡೂ ಒಂದೇ ದಿನ ಬೀದಿಗೆ. ನಮ್ಮ ಜಿಲ್ಲೆಯಲ್ಲಿ ಕೋಟಿ ವೃಕ್ಷ ಅಭಿಯಾನ ನಡೆಯಿತು, ಗಿಡ ಹಚ್ಚುವ ರೂಢಿ ಬಂತು, ಖುಷಿ. ಆದರೆ ಹೆಜ್ಜೇನು ಹುಟ್ಟು ಕಟ್ಟೋಕೆ ಬೇಕಾದ ಎತ್ತರ, ದಪ್ಪ ಟೊಂಗೆ ಬರೋಕೆ ಇನ್ನೂ ಎಷ್ಟೋ ವರ್ಷ ಬೇಕು. ಅಲ್ಲೀವರೆಗೆ ಇರುವ ಮರ ಕಾಯೋದೇ ಕೆಲಸ.

ಹೊಲದೊಳಗಿನ ಜಾಗದ ಬಗ್ಗೆ ನನಗೆ ಇನ್ನೂ ಹೆಚ್ಚು ಸಿಟ್ಟಿದೆ. ಜೆಸಿಬಿ ಅಗ್ಗ ಆದಮೇಲೆ ಬದು ಅನ್ನೋದೇ ಉಳೀಲಿಲ್ಲ. ‘ಹೊಲ ಕ್ಲೀನ್ ಇರಬೇಕು’ ಅನ್ನೋದು ಒಂದು ಹುಚ್ಚು. ನೆಲದಲ್ಲಿ ತೂತು ಮಾಡಿ ಇರುವ ಜೇನಿಗೆ ಉಳುಮೆ ಆಗದ ಗಟ್ಟಿ ಮಣ್ಣು ಬೇಕು. ದುಂಬಿಗೆ ಒಣ ಕಟ್ಟಿಗೆ ಬೇಕು. ಕೋಲುಜೇನಿಗೆ ಬೇಲಿ ಗಿಡ ಬೇಕು. ಮೂರೂ ಇರೋದು ಬದುವಿನ ಮೇಲೆ. ನಮ್ಮ ಹಿರಿಯರು ಹಿಂಗಾರಿ ಬಿಳಿಜೋಳದ ನಡುವೆ ಅಕ್ಕಡಿ ಸಾಲು ಹಾಕುತ್ತಿದ್ದರು, ಕುಸುಬಿ, ಅಗಸಿ, ಕಡಲೆ. ಕುಸುಬಿಯ ಮುಳ್ಳು ದನಕ್ಕೆ ಬೇಲಿ ಆಗುತ್ತಿತ್ತು, ಹೂವು ಚಳಿಗಾಲ ಮುಗಿಯೋ ಹೊತ್ತಿಗೆ ಜೇನಿಗೆ ಊಟ ಆಗುತ್ತಿತ್ತು. ಬರೀ ಜೋಳ, ಬರೀ ಕಬ್ಬು ಇರುವ ನೂರು ಎಕರೆ ಜೇನಿನ ಕಣ್ಣಿಗೆ ಮರುಭೂಮಿಯೇ. ಎಕರೆಗೆ ನಾಲ್ಕು ಸಾಲು ಕುಸುಬಿ ಅಥವಾ ಗುರೆಳ್ಳು, ಬದುವಿಗೆ ಎರಡು ಹೊಂಗೆ, ಒಂದು ಬೇವು ಇಟ್ಟರೆ ನಷ್ಟ ಏನಿಲ್ಲ. ಕುಸುಬಿ ಎಣ್ಣೆಗೆ ಈಗ ಗಾಣದವರು ಕೊಡುವ ಬೆಲೆ ಕೇಳಿ ನೋಡಿ.

‘ಜೇನು ಉಳಿಸೋಣ’ ಅಂದ ಕೂಡಲೇ ಪೆಟ್ಟಿಗೆ ನೆನಪಾಗುವವರಿಗೂ ಒಂದು ಮಾತು. ಕೇಂದ್ರ ಸರ್ಕಾರ 2020-21ರಿಂದ ರಾಷ್ಟ್ರೀಯ ಜೇನು ಕೃಷಿ ಮತ್ತು ಜೇನುತುಪ್ಪ ಮಿಷನ್‌ಗೆ 500 ಕೋಟಿ ರೂಪಾಯಿ ತೆಗೆದಿಟ್ಟಿತು. ಉಪಕಸುಬಾಗಿ ಪೆಟ್ಟಿಗೆ ಇಡಿ, ನಾನು ಬೇಡ ಅನ್ನಲ್ಲ. ಆದರೆ ನಮ್ಮ ಬಯಲಿನ ಪೆಟ್ಟಿಗೆಯಲ್ಲಿ ಹೆಚ್ಚಾಗಿ ಬರೋದು ಯುರೋಪಿನ ಮೆಲ್ಲಿಫೆರಾ ಜೇನು. ಅದು ಸಾಕುಪ್ರಾಣಿ. ಅದನ್ನ ಹೆಚ್ಚಿಸಿ ಕಾಡುಜೇನು ಉಳಿಸಿದೆ ಅನ್ನೋದು ಕೋಳಿ ಫಾರ್ಮ್ ಮಾಡಿ ನವಿಲು ಉಳಿಸಿದೆ ಅಂದ ಹಾಗೆ. ಪೆಟ್ಟಿಗೆ ಇಟ್ಟವರಿಂದ ಒಂದು ಉಪಕಾರ ಮಾತ್ರ ಖಂಡಿತ ಆಗುತ್ತೆ, ಯಾರಾದರೂ ಹಗಲು ಎಣ್ಣೆ ಹೊಡೆದರೆ ಜಗಳಕ್ಕೆ ಹೋಗೋಕೆ ಊರಿನಲ್ಲಿ ಒಬ್ಬರು ಸಿಗುತ್ತಾರೆ.

ಎಣ್ಣೆ ಹೊಡೆಯುವ ಹೊತ್ತು ಹೆಂಗೆ ಬದಲಾಯಿಸೋದು? ಹೂವಿದ್ದಾಗ ಹೊಡೀಬೇಡಿ ಅನ್ನೋದು ಮೊದಲನೇ ಮಾತು. ಲಿಂಬೆಯಲ್ಲಿ ಚಿಗುರಿಗೆ ಬರುವ ರಂಗೋಲಿ ಹುಳಕ್ಕೆ ಹೊಡೆಯೋದಿದ್ದರೆ ಹೂವು ಅರಳುವ ಮೊದಲೇ ಮುಗಿಸಬಹುದು, ಬಹಾರ ಯಾವಾಗ ಅಂತ ನಮಗೇ ಗೊತ್ತಿರುತ್ತೆ. ನೀರು ಬಿಟ್ಟು ಬಹಾರ ಒಡೆಸೋರು ನಾವೇ ಅಲ್ವಾ? ತೀರಾ ಅನಿವಾರ್ಯ ಆದರೆ ಹೊತ್ತು ಮುಳುಗಿದ ಮೇಲೆ. ಬೆಳಿಗ್ಗೆ ಎಂಟರಿಂದ ಹನ್ನೆರಡು ಜೇನಿನ ಡ್ಯೂಟಿ ಟೈಮ್, ನಾವೂ ಅದೇ ಹೊತ್ತಿಗೆ ಹೋಗ್ತೀವಿ. ‘ಸಂಜೆ ಆಳು ಸಿಗಲ್ಲ’ ಅಂತ ನೀವು ಹೇಳೋದು ನನಗೆ ಗೊತ್ತು, ಮೂರು ಎಕರೆ ಬ್ಲೋವರ್ ಹೊಡೆಯೋ ಗ್ಯಾಂಗ್ ಬೆಳಿಗ್ಗೆ ಏಳಕ್ಕೆ ಬರುತ್ತೆ, ಮಧ್ಯಾಹ್ನ ಇನ್ನೊಂದು ಹೊಲಕ್ಕೆ ಹೋಗುತ್ತೆ. ಕಷ್ಟ ಖರೆ. ಆದರೆ ಹೂವಿನ ಎರಡು ವಾರಕ್ಕೆ ಮಾತ್ರ ಗ್ಯಾಂಗಿಗೆ ಐವತ್ತು ನೂರು ರೂಪಾಯಿ ಹೆಚ್ಚಿಗೆ ಕೊಟ್ಟು ಸಂಜೆ ಕರೆಸೋದು ಆಗದ ಮಾತಲ್ಲ. ತಲೆಗೆ ಕಟ್ಟುವ ಬ್ಯಾಟರಿ ಲೈಟ್ ಹಾಕಿಕೊಂಡು ರಾತ್ರಿ ನೀರು ಹಾಯಿಸೋಕೆ ಹೋಗುವವರು ನಾವು. ಒಂದು ಎಚ್ಚರ, ಹೆಜ್ಜೇನು ಬೆಳದಿಂಗಳಿನಲ್ಲಿ ಹಾರಿ ಹೂವಿಗೆ ಹೋಗುವ ಅಪರೂಪದ ಜೇನು. ಹುಣ್ಣಿಮೆಯ ಹಿಂದೆ ಮುಂದೆ ರಾತ್ರಿಯೂ ಬೇಡ.

ನನ್ನಂಥ ಸಾವಯವದವರೂ ಮೀಸೆ ತಿರುವಬೇಕಿಲ್ಲ. ಸ್ಪೈನೋಸ್ಯಾಡ್ ಮಣ್ಣಿನ ಸೂಕ್ಷ್ಮಜೀವಿಯಿಂದ ಬಂದದ್ದು, ಅಮೆರಿಕ, ಯುರೋಪಿನ ಸಾವಯವ ನಿಯಮಗಳಲ್ಲಿ ಒಪ್ಪಿಗೆ ಇದೆ. ಹಸಿ ಇರುವಾಗ ಜೇನಿಗೆ ತಗುಲಿದರೆ ಕೊಲ್ಲುತ್ತೆ, ಒಣಗಿದ ಮೇಲೆ ಅಪಾಯ ಬಹಳ ಇಳಿಯುತ್ತೆ. ‘ಸಾವಯವ’ ಅನ್ನೋ ಚೀಟಿ ಅಂಟಿಸಿದ ಬಾಟಲಿಯನ್ನೂ ಹಗಲು ಹೂವಿನ ಮೇಲೆ ಎತ್ತಬಾರದು.

ಒಬ್ಬರೇ ಮಾಡಿದರೆ ಸಾಲಲ್ಲ ಅನ್ನೋದು ನಿಜ. ಜೇನು ನಿಮ್ಮ ಸರ್ವೆ ನಂಬರ್ ನೋಡಿ ಹಾರಲ್ಲ. ಊರಿನ ವಾಟ್ಸಾಪ್ ಗುಂಪಿನಲ್ಲಿ ಸೊಲ್ಲಾಪುರ ಮಾರ್ಕೆಟ್ ರೇಟ್ ದಿನಾ ಬರುತ್ತೆ, ಅದರ ಜೊತೆ ‘ಹಳ್ಳದ ದಂಡಿ ಲಿಂಬಿ ಹೂವಿಗೆ ಬಂದಾವು, ಹದಿನೈದು ದಿನ ಹಗಲಿ ಹೊಡೀಬ್ಯಾಡ್ರಿ’ ಅಂತ ಒಂದು ಸಾಲು ಹಾಕೋಕೆ ಎಷ್ಟು ಖರ್ಚು? ಇದಕ್ಕೆ ಯಾವ ಇಲಾಖೆಯ ಆದೇಶವೂ ಬೇಡ.

ದುಡ್ಡಿನ ಭಾಷೆಯಲ್ಲೇ ಕೇಳುವವರಿಗೆ ಒಂದು ಸುದ್ದಿ. ಯುರೋಪಿಯನ್ ಒಕ್ಕೂಟ 2023ರಲ್ಲಿ ಒಂದು ನಿಯಮ ಮಾಡಿತು. ಕ್ಲೋಥಿಯಾನಿಡಿನ್, ಥಯಾಮೆಥೊಕ್ಸಾಮ್ ಉಳಿಕೆ ಆಮದಿನ ಹಣ್ಣು, ಕಾಳಿನಲ್ಲೂ ಯಂತ್ರಕ್ಕೆ ಅಳೆಯಲು ಸಿಗುವ ಕನಿಷ್ಠ ಮಟ್ಟ ಮೀರಬಾರದು, ಜಾರಿ 2026ರ ಮಾರ್ಚ್‌ನಿಂದ. ತಿನ್ನುವವರ ಆರೋಗ್ಯದ ಕಾರಣಕ್ಕಲ್ಲ, ಬೆಳೆಯುವ ದೇಶದ ಜೇನು ಸಾಯುತ್ತೆ ಅನ್ನೋ ಕಾರಣಕ್ಕೆ. ಇಂಡಿ ಲಿಂಬೆಗೆ ಜಿಐ ಟ್ಯಾಗ್ ಬಂದಿದೆ, ಇಂಡಿಯಲ್ಲೇ ರಾಜ್ಯ ಲಿಂಬೆ ಅಭಿವೃದ್ಧಿ ಮಂಡಳಿ ಇದೆ, ಹೊರದೇಶಕ್ಕೆ ಕಳಿಸುವ ಮಾತು ಜೋರಾಗಿದೆ. ದ್ರಾಕ್ಷಿ, ದಾಳಿಂಬೆಯವರಿಗೆ ಉಳಿಕೆ ಪರೀಕ್ಷೆಯ ರಿಪೋರ್ಟಿನ ಬಿಸಿ ಆಗಲೇ ಗೊತ್ತು. ನಮ್ಮ ಡಬ್ಬಿಯ ಮೇಲೆ ಜೇನಿನ ಚಿತ್ರ ಇಲ್ಲದಿದ್ದರೂ ಖರೀದಿದಾರನ ಲ್ಯಾಬಿನಲ್ಲಿ ಅದು ಬಂದು ಕೂತಾಗಿದೆ.

ಸಿಂಗಳೀಕವೋ ಜೇನೋ, ಯಾವುದು ಮೊದಲು ಅಂತ ಯಾರಾದರೂ ನನ್ನ ಕೇಳಿದರೆ, ಕಳೆದುಹೋದರೆ ಮತ್ತೆ ಬಾರದ್ದು ಸಿಂಗಳೀಕ ಅಂತಲೇ ಹೇಳ್ತೀನಿ. ಎರಡು ಮೂರು ವರ್ಷಕ್ಕೆ ಒಂದು ಮರಿಯ ಲೆಕ್ಕದಲ್ಲಿ ಒಂದು ಗುಂಪು ಹೋದರೆ ತುಂಬೋಕೆ ತಲೆಮಾರು ಬೇಕು. ಆ ಹೋರಾಟಕ್ಕೆ ನಿಮ್ಮ ಸ್ಟೇಟಸ್, ಸಹಿ, ಧ್ವನಿ ಇರಲಿ. ಜೇನು ಹಾಗಲ್ಲ. ಹೂವು ಸಿಕ್ಕರೆ, ವಿಷ ನಿಂತರೆ, ಒಂದೇ ಹಂಗಾಮಿನಲ್ಲಿ ಹುಟ್ಟು ತುಂಬಿಕೊಂಡು ಇನ್ನೊಂದು ಪಾಲಾಗಿ ಹಾರುತ್ತೆ. ಹೆಜ್ಜೇನು ಹಂಗಾಮಿಗೆ ತಕ್ಕಂತೆ ನೂರಾರು ಕಿಲೋಮೀಟರ್ ವಲಸೆ ಹೋಗಿ ಹಳೇ ಮರಕ್ಕೇ ತಿರುಗಿ ಬರುತ್ತೆ, ಮರ ಇದ್ದರೆ. ಅದಕ್ಕೇ ನಮ್ಮ ದುಡಿಮೆ ಜೇನಿನ ಮೇಲೆ ಹೋಗಲಿ ಅನ್ನೋದು. ಇಲ್ಲಿ ಮಾಡಿದ್ದಕ್ಕೆ ಮುಂದಿನ ಬಹಾರಿನಲ್ಲೇ ಉತ್ತರ ಸಿಗುತ್ತೆ.

ಎಣಿಕೆಯಿಂದ ಶುರು ಮಾಡಿ. ಸಿಂಗಳೀಕವನ್ನ ಎಣಿಸೋಕೆ ವಿಜ್ಞಾನಿಗಳು ಸಿರ್ಸಿ, ಹೊನ್ನಾವರದ ಕಾಡಿನಲ್ಲಿ ತಿಂಗಳುಗಟ್ಟಲೆ ನಡೆದಿದ್ದಾರೆ. ನಮಗೆ ಅಷ್ಟು ಬೇಡ. ಈ ಸಲ ಸೂರ್ಯಕಾಂತಿಯೋ, ಲಿಂಬೆಯೋ, ಸೌತೆಯೋ ಹೂವಿಗೆ ಬಂದಾಗ, ಬಿಸಿಲು ಇರುವ ಬೆಳಿಗ್ಗೆ ಒಂಬತ್ತೂವರೆಗೆ, ಒಂದೇ ಜಾಗದಲ್ಲಿ ನಿಂತು ಫೋನಿನಲ್ಲಿ ಹತ್ತು ನಿಮಿಷದ ಅಲಾರಂ ಇಡಿ. ಎದುರಿಗಿನ ಒಂದು ಗಿಡಕ್ಕೆ, ಅಥವಾ ಹತ್ತು ಸೂರ್ಯಕಾಂತಿ ಹೂವಿಗೆ, ಎಷ್ಟು ಹುಳ ಬಂದವು ಬರೆದುಕೊಳ್ಳಿ. ಹೆಜ್ಜೇನು ಎಷ್ಟು, ಕೋಲುಜೇನು ಎಷ್ಟು, ದುಂಬಿ ಎಷ್ಟು, ಗೊತ್ತಾಗದ್ದು ಎಷ್ಟು. ಗೊತ್ತಾಗದ್ದರ ಫೋಟೊ ತೆಗೆದು ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕಿದರೆ ಹೆಸರು ಹೇಳುವವರು ಸಿಗುತ್ತಾರೆ. ವಾರಕ್ಕೊಮ್ಮೆ, ಹೂವು ಮುಗಿಯೋವರೆಗೆ. ತಾರೀಕು, ಬೆಳೆ, ಅಕ್ಕಪಕ್ಕದಲ್ಲಿ ಯಾರಾದರೂ ಎಣ್ಣೆ ಹೊಡೆದಿದ್ದರೆ ಅದೂ ಇರಲಿ. ಮುದ್ದೇಬಿಹಾಳದ ಒಬ್ಬರು, ಬಾಗೇವಾಡಿಯ ಒಬ್ಬರು, ಸಿಂದಗಿಯ ಇಬ್ಬರು ಬರೆದಿಟ್ಟರೂ ಸಾಕು, ಮುಂದಿನ ವರ್ಷ ಇಂಡಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದಾಗ ಕೈಯಲ್ಲಿ ಹಾಳೆ ಇರುತ್ತೆ.